ಜರ್ಮನಿಯ ಪೌರತ್ವ ಪರೀಕ್ಷೆ: ರಾಜ್ಯದ ಮೂರು ಪ್ರಶ್ನೆಗಳಿಗೆ ತಯಾರಿ ಹೇಗೆ?



ಈಚೆಗೆ ಸಂಘದ ಫೋನಿಗೆ ಬರುವ ಕರೆಗಳಲ್ಲಿ ಒಂದು ಹೊಸ ವಿಷಯ ಸೇರಿಕೊಂಡಿದೆ. ಹೊಸೂರಿನ ಸದಸ್ಯರೊಬ್ಬರ ಮಗ ಮ್ಯೂನಿಕ್‌ನಲ್ಲಿದ್ದಾನೆ. ಸೊಲ್ಲಾಪುರದ ಹಿರಿಯರೊಬ್ಬರ ಸೊಸೆ ಹ್ಯಾಂಬರ್ಗ್‌ನಲ್ಲಿದ್ದಾಳೆ. ನಮ್ಮ ಕಾಸರಗೋಡಿನಿಂದಲೂ ನರ್ಸಿಂಗ್ ಕಲಿತ ಮಕ್ಕಳು ಜರ್ಮನಿಗೆ ಹೋಗಿದ್ದಾರೆ. ಅಲ್ಲಿ ಐದಾರು ವರ್ಷ ಕಳೆದವರು ಈಗ ಪೌರತ್ವಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದಾರೆ. ಅದಕ್ಕೊಂದು ಪರೀಕ್ಷೆ ಇದೆಯಂತೆ, ಅದರಲ್ಲಿ ರಾಜ್ಯದ ಪ್ರಶ್ನೆ ಬೇರೆ ಇದೆಯಂತೆ, ಅದೇನು ಎಂದು ತಿಳಿಸಿ ಎಂಬುದು ಕೇಳಿದವರೆಲ್ಲರ ಮಾತು.

ಇದನ್ನು ಬರೆಯಲು ನನಗಿರುವ ಯೋಗ್ಯತೆ ಇಷ್ಟೇ: ನನ್ನ ಅಕ್ಕನ ಮಗಳು ಅಲ್ಲಿ ನರ್ಸ್ ಆಗಿದ್ದಾಳೆ, ಅವಳ ತಯಾರಿಯಲ್ಲಿ ನಾನು ಪ್ರಶ್ನೆ ಕೇಳುವ ಮೇಷ್ಟ್ರಾಗಿದ್ದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನಿಗೆ ಬೇರೇನು ಬಾರದಿದ್ದರೂ ಅರ್ಜಿ, ವಿಳಾಸ, ದಾಖಲೆ ನೋಡುವ ಅಭ್ಯಾಸ ಉಂಟು. ಅದೇ ಅಭ್ಯಾಸ ಆ ಹುಡುಗಿಯ ಕೆಲಸಕ್ಕೆ ಬಂತು. ಆ ಕಥೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅವಳು ಮಾಡಿದ ತಪ್ಪನ್ನು ನಿಮ್ಮ ಮಕ್ಕಳೂ ಮಾಡುವ ಸಂಭವವಿದೆ.

ಎರಡು ರಾಜ್ಯಗಳ ನಡುವೆ

ಅವಳು ಜರ್ಮನಿಗೆ ಹೋಗಿ ಏಳು ವರ್ಷವಾಯಿತು. ಮೊದಲ ಆರು ವರ್ಷ ಹೆಸ್ಸೆನ್ ರಾಜ್ಯದ ವೀಸ್‌ಬಾಡೆನ್‌ನಲ್ಲಿದ್ದಳು. ಕಳೆದ ವರ್ಷ ಕೆಲಸ ಬದಲಾಗಿ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಪಟ್ಟಣಕ್ಕೆ ಬಂದಳು. ಪರೀಕ್ಷೆಗೆ ಮೂರು ವಾರ ಇರುವಾಗ ಒಂದು ಭಾನುವಾರ ವಿಡಿಯೊ ಕರೆಯಲ್ಲಿ ಸಿಕ್ಕಳು. ರಾತ್ರಿ ಪಾಳಿ ಮುಗಿಸಿ ಬಂದು ಓದುತ್ತಿದ್ದಾಳೆ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಮಾವ, ಮಾದರಿ ಪರೀಕ್ಷೆಯಲ್ಲಿ ಹದಿನೆಂಟು ಬಂತು. ಪಾಸಾಗ್ಲಿಕ್ಕೆ ಹದಿನೇಳು ಸಾಕು. ಹೇಗಾದ್ರೂ ದಾಟಿಬಿಡ್ತೇನೆ" ಎಂದಳು.

ಪ್ರಶ್ನೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವಂಥವು. ನಾನು ಅವಳು ಈಗಿರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ ಹಾಳೆ ತೆಗೆದಿಟ್ಟುಕೊಂಡು ಕೇಳಿದೆ: "ನಿನ್ನ ರಾಜ್ಯದ ಬಾವುಟದ ಬಣ್ಣ ಯಾವುದು?"

"ಕೆಂಪು, ಬಿಳಿ."

ನನ್ನ ಹಾಳೆಯಲ್ಲಿ ಕಪ್ಪು ಮತ್ತು ಚಿನ್ನದ ಬಣ್ಣ ಎಂದಿತ್ತು. ಪಂಚಾಯತು ಚುನಾವಣೆಯಂಥ ಸ್ಥಳೀಯ ಚುನಾವಣೆಗೆ ಮತದಾನದ ವಯಸ್ಸು ಎಷ್ಟು ಎಂದೆ. ಹದಿನೆಂಟು ಎಂದಳು. ನನ್ನ ಹಾಳೆಯಲ್ಲಿ ಹದಿನಾರು. ಲಾಂಛನದಲ್ಲಿ ಎಷ್ಟು ಸಿಂಹ ಎಂದೆ. ಒಂದು ಎಂದಳು. ಇಲ್ಲಿ ಮೂರು ಇದ್ದವು.

"ಎಂತ ಮಾರಾಯ್ತಿ, ನೀನು ಯಾವ ರಾಜ್ಯದ್ದು ಓದ್ತಾ ಇದ್ದೀ?"

ಅವಳು ಆ್ಯಪ್‌ನಲ್ಲಿ ಎರಡು ವರ್ಷದ ಹಿಂದೆ ಆರಿಸಿಟ್ಟ ಹೆಸ್ಸೆನ್ ಹಾಗೆಯೇ ಉಳಿದಿತ್ತು. ಅವಳ ಹದಿನೆಂಟರಲ್ಲಿ ಮೂರು ಅಂಕ ಹೆಸ್ಸೆನ್‌ನ ಪ್ರಶ್ನೆಗಳಿಂದ ಬಂದವು. ಸಾಮಾನ್ಯ ಭಾಗದಿಂದ ಸಿಕ್ಕಿದ್ದು ಹದಿನೈದು ಮಾತ್ರ. ಆ ದಿನವೇ ಪರೀಕ್ಷೆ ನಡೆದು, ನಾನು ಕೇಳಿದ ಆ ಮೂರೇ ಪ್ರಶ್ನೆ ಬಂದಿದ್ದರೆ ಹದಿನೈದಕ್ಕೇ ನಿಲ್ಲುತ್ತಿದ್ದಳು.

ಪರೀಕ್ಷೆಯ ಸ್ವರೂಪ

2008ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಪರೀಕ್ಷೆ ಇದು. ಜರ್ಮನ್‌ನಲ್ಲಿ ಇದಕ್ಕೆ ಐನ್‌ಬ್ಯುರ್ಗೆರುಂಗ್ಸ್‌ಟೆಸ್ಟ್ ಎನ್ನುತ್ತಾರೆ, ಅಂದರೆ ಪೌರತ್ವ ಪರೀಕ್ಷೆ. ಅಲ್ಲಿನ ಕೇಂದ್ರ ಸರಕಾರದ ವಲಸೆ ಮತ್ತು ನಿರಾಶ್ರಿತರ ಕಚೇರಿ ಇದರ ಹೊಣೆ ಹೊತ್ತಿದೆ. ಈ ಕಚೇರಿಯನ್ನು ಎಲ್ಲರೂ ಚಿಕ್ಕದಾಗಿ ಬಾಮ್ಫ್ ಎನ್ನುತ್ತಾರೆ. ಪರೀಕ್ಷೆ ನಡೆಯುವುದು ಹೆಚ್ಚಾಗಿ ಊರೂರಿನ ವಯಸ್ಕರ ಶಿಕ್ಷಣ ಕೇಂದ್ರಗಳಲ್ಲಿ. ಇವುಗಳ ಹೆಸರು ಫೋಲ್ಕ್ಸ್‌ಹೋಖ್‌ಶೂಲೆ.

ಒಟ್ಟು 33 ಪ್ರಶ್ನೆ, ಸಮಯ 60 ನಿಮಿಷ, ಶುಲ್ಕ 25 ಯೂರೊ. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಅವುಗಳಲ್ಲಿ ಒಂದು ಮಾತ್ರ ಸರಿ. 17 ಸರಿಯಾದರೆ ಉತ್ತೀರ್ಣ. ತಪ್ಪಿಗೆ ಅಂಕ ಕಡಿತವಿಲ್ಲ, ಆದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ಅನುತ್ತೀರ್ಣರಾದರೆ ಮತ್ತೆ ಶುಲ್ಕ ಕಟ್ಟಿ ಮತ್ತೆ ಬರೆಯಬಹುದು. ಪ್ರಶ್ನೆಗಳೆಲ್ಲ ಜರ್ಮನ್ ಭಾಷೆಯಲ್ಲೇ ಇರುತ್ತವೆ.

ಇಡೀ ಪ್ರಶ್ನೆ ಭಂಡಾರ ಬಹಿರಂಗವಾಗಿದೆ. ದೇಶಕ್ಕೆಲ್ಲ ಸಾಮಾನ್ಯವಾದ ಪ್ರಶ್ನೆಗಳು 300. ಪ್ರಜಾಪ್ರಭುತ್ವದ ಜೀವನ, ಇತಿಹಾಸ ಮತ್ತು ಹೊಣೆಗಾರಿಕೆ, ಮನುಷ್ಯ ಮತ್ತು ಸಮಾಜ ಎಂಬ ಮೂರು ವಿಷಯಗಳಲ್ಲಿ ಇವು ಹಂಚಿಹೋಗಿವೆ. ಇವುಗಳಿಂದ 30 ಪ್ರಶ್ನೆ ಬರುತ್ತವೆ. ಇದಲ್ಲದೆ ಜರ್ಮನಿಯ 16 ರಾಜ್ಯಗಳಿಗೆ ತಲಾ 10 ಪ್ರಶ್ನೆಗಳಿವೆ. ನಿಮ್ಮ ರಾಜ್ಯದ ಆ ಹತ್ತರಿಂದ 3 ಬರುತ್ತವೆ. ಹೀಗೆ ಒಟ್ಟು ಭಂಡಾರ 460 ಪ್ರಶ್ನೆಗಳದ್ದಾದರೂ ಒಬ್ಬ ಅಭ್ಯರ್ಥಿ ಓದಬೇಕಾದದ್ದು 310 ಮಾತ್ರ.

ಈಗ ಸ್ವಲ್ಪ ಲೆಕ್ಕ. ರಾಜ್ಯದ ಮೂರೂ ಸರಿಯಾದರೆ ಸಾಮಾನ್ಯ ಭಾಗದ ಮೂವತ್ತರಲ್ಲಿ 14 ಸಾಕು, ಅಂದರೆ ಅರ್ಧಕ್ಕಿಂತ ಕಡಿಮೆ. ಮೂರೂ ತಪ್ಪಾದರೆ 17 ಬೇಕು, ಅಂದರೆ ಅರ್ಧಕ್ಕಿಂತ ಹೆಚ್ಚು. ಮುನ್ನೂರು ಪ್ರಶ್ನೆ ಓದಿ ಮೂರು ಅಂಕ ಹೆಚ್ಚಿಸಿಕೊಳ್ಳಲು ವಾರಗಟ್ಟಲೆ ಬೇಕು. ಹತ್ತೇ ಪ್ರಶ್ನೆ ಕಲಿತು ಆ ಮೂರನ್ನು ಖಾತ್ರಿ ಮಾಡಿಕೊಳ್ಳಲು ಎರಡು ಸಂಜೆ ಸಾಕು. ಹೀಗಿದ್ದೂ ಹೆಚ್ಚಿನವರು ಈ ಹತ್ತನ್ನು ಕೊನೆಯ ರಾತ್ರಿಗೆ ಬಿಡುತ್ತಾರೆ.

ಯಾವ ರಾಜ್ಯ?

ನೀವು ಮೊದಲು ಬಂದಿಳಿದ ರಾಜ್ಯವಲ್ಲ, ಕೆಲಸ ಮಾಡುವ ಕಂಪನಿ ಇರುವ ರಾಜ್ಯವೂ ಅಲ್ಲ. ನಿಮ್ಮ ಮುಖ್ಯ ವಾಸಸ್ಥಳ ಎಲ್ಲಿ ನೋಂದಣಿಯಾಗಿದೆಯೋ ಆ ರಾಜ್ಯದ ಪ್ರಶ್ನೆಗಳು ಬರುತ್ತವೆ. ಜರ್ಮನಿಯಲ್ಲಿ ಮನೆ ಬದಲಿಸಿದರೆ ಹೊಸ ವಿಳಾಸವನ್ನು ನಗರಾಡಳಿತದಲ್ಲಿ ನೋಂದಾಯಿಸಲೇಬೇಕು. ಆ ನೋಂದಣಿ ಪತ್ರವನ್ನು ಎದುರಿಗಿಟ್ಟುಕೊಂಡೇ ಓದಲು ಕೂರಿ. ರಾಜ್ಯದ ಗಡಿಯಲ್ಲಿ ವಾಸಿಸುವವರಿಗೆ ಇದು ಇನ್ನೂ ಮುಖ್ಯ. ಮೈಂಜ್ ಮತ್ತು ವೀಸ್‌ಬಾಡೆನ್ ರೈನ್ ನದಿಯ ಆಚೆ ಈಚೆ ಇರುವ ಎರಡು ಪಟ್ಟಣಗಳು. ಸೇತುವೆ ದಾಟಿದರೆ ರಾಜ್ಯ ಬದಲಾಗುತ್ತದೆ, ಮೈಂಜ್ ರೈನ್‌ಲಾಂಡ್-ಫಾಲ್ಜ್‌ನ ರಾಜಧಾನಿ, ವೀಸ್‌ಬಾಡೆನ್ ಹೆಸ್ಸೆನ್‌ನ ರಾಜಧಾನಿ. ತಲಪಾಡಿಯಲ್ಲೋ ತಾಳವಾಡಿಯಲ್ಲೋ ಬಸ್ಸಿಗೆ ಕಾದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಎಲ್ಲೆಡೆ ಒಂದೇ ಆಗಿರುವ ನಾಲ್ಕು

ಹದಿನಾರು ರಾಜ್ಯಗಳ ಹಾಳೆಗಳನ್ನು ಜೋಡಿಸಿಟ್ಟು ನೋಡಿದರೆ ಪ್ರಶ್ನೆಗಳ ಅಚ್ಚು ಬಹುತೇಕ ಒಂದೇ ಎಂದು ಕಾಣುತ್ತದೆ. ಬರ್ಲಿನ್, ಹ್ಯಾಂಬರ್ಗ್, ಬ್ರೆಮೆನ್ ಎಂಬ ಮೂರು ನಗರ ರಾಜ್ಯಗಳನ್ನು ಸದ್ಯಕ್ಕೆ ಬದಿಗಿಡೋಣ. ಉಳಿದ ಹದಿಮೂರರಲ್ಲಿ ಹತ್ತು ಪ್ರಶ್ನೆಗಳ ಪೈಕಿ ನಾಲ್ಕಕ್ಕೆ ಉತ್ತರ ಒಂದೇ.

ಒಂದು, ರಾಜ್ಯದ ಶಾಸನಸಭೆಗೆ ಎಷ್ಟು ವರ್ಷಕ್ಕೊಮ್ಮೆ ಚುನಾವಣೆ? ಶಾಸನಸಭೆಗೆ ಲಾಂಡ್ಟಾಗ್ ಎನ್ನುತ್ತಾರೆ, ಅವಧಿ ಐದು ವರ್ಷ. ದೇಶದ ಸಂಸತ್ತಾದ ಬುಂಡೆಸ್ಟಾಗ್‌ಗೆ ನಾಲ್ಕು ವರ್ಷ. ಸಾಮಾನ್ಯ ಭಾಗದಲ್ಲಿ ನಾಲ್ಕು ಎಂದು ಓದಿದ್ದು ತಲೆಯಲ್ಲಿ ಉಳಿದು ಇಲ್ಲೂ ನಾಲ್ಕು ಎಂದು ಗುರುತು ಹಾಕುವವರಿದ್ದಾರೆ.

ಎರಡು, ಸರಕಾರದ ಮುಖ್ಯಸ್ಥರನ್ನು ಏನೆಂದು ಕರೆಯುತ್ತಾರೆ? ಮಿನಿಸ್ಟರ್‌ಪ್ರೆಸಿಡೆಂಟ್, ಮಹಿಳೆಯಾದರೆ ಮಿನಿಸ್ಟರ್‌ಪ್ರೆಸಿಡೆಂಟಿನ್. ನಮ್ಮ ಮುಖ್ಯಮಂತ್ರಿಯ ಸ್ಥಾನ. ಆದರೆ ಅಲ್ಲಿನ ರಾಜ್ಯಗಳಲ್ಲಿ ರಾಜ್ಯಪಾಲರೆಂಬ ಹುದ್ದೆ ಇಲ್ಲ. ಬುಂಡೆಸ್‌ಪ್ರೆಸಿಡೆಂಟ್ ಎಂದರೆ ದೇಶದ ರಾಷ್ಟ್ರಪತಿ, ಬುಂಡೆಸ್‌ಕಾನ್ಸ್ಲರ್ ಎಂದರೆ ದೇಶದ ಪ್ರಧಾನಿಯ ಸ್ಥಾನದಲ್ಲಿರುವವರು. ಹೆಸರಿನ ಮುಂದೆ ಬುಂಡೆಸ್ ಎಂದಿದ್ದರೆ ಅದು ಕೇಂದ್ರದ್ದು, ಲಾಂಡ್ ಎಂದಿದ್ದರೆ ರಾಜ್ಯದ್ದು. ಈ ಒಂದು ಗುರುತು ಹಲವು ಕಡೆ ಕೈಹಿಡಿಯುತ್ತದೆ.

ಮೂರು, ಈ ರಾಜ್ಯದಲ್ಲಿ ಯಾವ ಸಚಿವರು ಇಲ್ಲ? ಉತ್ತರ ವಿದೇಶಾಂಗ ಸಚಿವರು. ಹಣಕಾಸು, ಗೃಹ, ನ್ಯಾಯ ಖಾತೆಗಳು ರಾಜ್ಯಕ್ಕೂ ಉಂಟು, ಹೊರದೇಶದ ವ್ಯವಹಾರ ಕೇಂದ್ರಕ್ಕೆ ಮಾತ್ರ. ಇಲ್ಲಿ ನಿಖ್ಟ್ ಎಂಬ ಸಣ್ಣ ಪದವೇ ಬಲೆ. ಅದರ ಅರ್ಥ "ಇಲ್ಲ". ಅವಸರದಲ್ಲಿ ಅದನ್ನು ದಾಟಿ ಓದಿದವರು ಇರುವ ಸಚಿವರಿಗೇ ಗುರುತು ಹಾಕಿ ಬರುತ್ತಾರೆ. ಪೆನ್ಸಿಲ್ ಹಿಡಿದು ಓದುವವರು ಆ ಪದ ಕಂಡಲ್ಲೆಲ್ಲ ಅಡಿಗೆರೆ ಎಳೆದು ಅಭ್ಯಾಸ ಮಾಡಿಕೊಳ್ಳಿ.

ನಾಲ್ಕು, ರಾಜಕೀಯ ವಿಷಯಗಳ ಬಗ್ಗೆ ಎಲ್ಲಿ ಮಾಹಿತಿ ಪಡೆಯಬಹುದು? ಲಾಂಡೆಸ್‌ಸೆಂಟ್ರಾಲೆ ಫ್ಯೂರ್ ಪೊಲಿಟಿಶೆ ಬಿಲ್ಡುಂಗ್ ಎಂಬ ಉದ್ದ ಹೆಸರಿನ ಕಚೇರಿಯಲ್ಲಿ. ಪ್ರಜೆಗಳಿಗೆ ರಾಜಕೀಯ ತಿಳುವಳಿಕೆ ಕೊಡುವುದಕ್ಕೆಂದೇ ರಾಜ್ಯ ಸರಕಾರ ನಡೆಸುವ ಸಂಸ್ಥೆ ಇದು. ಯಾವ ಪಕ್ಷದ ಪ್ರಚಾರವನ್ನೂ ಮಾಡುವಂತಿಲ್ಲ. ಇಂಥದ್ದೊಂದು ಕಚೇರಿ ನಮ್ಮಲ್ಲಿಲ್ಲದ ಕಾರಣ ನಮ್ಮವರಿಗೆ ಈ ಉತ್ತರ ಹೊಳೆಯುವುದಿಲ್ಲ. ಗ್ರಾಹಕ ಕೇಂದ್ರವೋ ಚರ್ಚೋ ಇರಬಹುದು ಎಂದು ಊಹಿಸುತ್ತಾರೆ. ಈ ಸಂಸ್ಥೆಯವರ ಪುಸ್ತಿಕೆಗಳು ಸುಲಭ ಜರ್ಮನ್‌ನಲ್ಲೂ ಸಿಗುತ್ತವೆ, ತಯಾರಿಗೆ ಒಳ್ಳೆಯವು.

ರಾಜ್ಯಕ್ಕೆ ರಾಜ್ಯ ಬದಲಾಗುವ ಆರು

ಲಾಂಛನ, ಬಾವುಟದ ಬಣ್ಣ, ರಾಜಧಾನಿ, ಭೂಪಟದಲ್ಲಿ ಸ್ಥಾನ, ಒಂದು ಜಿಲ್ಲೆಯ ಹೆಸರು, ಸ್ಥಳೀಯ ಚುನಾವಣೆಯಲ್ಲಿ ಮತದಾನದ ವಯಸ್ಸು. ಈ ಆರು ಮಾತ್ರ ಬಾಯಿಪಾಠ ಬೇಡುವಂಥವು. ನಮ್ಮ ಸದಸ್ಯರ ಮಕ್ಕಳು ಹೆಚ್ಚಾಗಿರುವ ರಾಜ್ಯಗಳನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಬಾಡೆನ್-ವ್ಯುರ್ಟೆಂಬೆರ್ಗ್: ರಾಜಧಾನಿ ಸ್ಟುಟ್‌ಗಾರ್ಟ್. ಬಾವುಟ ಕಪ್ಪು ಮತ್ತು ಚಿನ್ನದ ಬಣ್ಣ. ಲಾಂಛನದಲ್ಲಿ ಚಿನ್ನದ ಹಿನ್ನೆಲೆಯ ಮೇಲೆ ಮೂರು ಕಪ್ಪು ಸಿಂಹಗಳು. ಸ್ಥಳೀಯ ಮತದಾನದ ವಯಸ್ಸು 16. ಭೂಪಟದಲ್ಲಿ ನೈಋತ್ಯ ಮೂಲೆ.

ಬಯರ್ನ್, ಅಂದರೆ ಬವೇರಿಯ: ರಾಜಧಾನಿ ಮ್ಯೂನಿಕ್, ಜರ್ಮನ್‌ನಲ್ಲಿ ಮ್ಯುನ್ಶೆನ್. ಬಾವುಟ ಬಿಳಿ ಮತ್ತು ನೀಲಿ. ಸ್ಥಳೀಯ ಮತದಾನದ ವಯಸ್ಸು 18. ಆಗ್ನೇಯ ಮೂಲೆ.

ಹೆಸ್ಸೆನ್: ರಾಜಧಾನಿ ವೀಸ್‌ಬಾಡೆನ್. ಫ್ರಾಂಕ್‌ಫರ್ಟ್ ದೊಡ್ಡ ನಗರ, ವಿಮಾನ ಇಳಿಯುವುದೂ ಅಲ್ಲೇ, ಆದರೆ ರಾಜಧಾನಿ ಅಲ್ಲ. ಬಾವುಟ ಕೆಂಪು ಮತ್ತು ಬಿಳಿ. ಲಾಂಛನದಲ್ಲಿ ನೀಲಿ ಹಿನ್ನೆಲೆಯ ಮೇಲೆ ಕೆಂಪು ಬಿಳಿ ಪಟ್ಟೆಯ ಒಂದು ಸಿಂಹ. ಸ್ಥಳೀಯ ಮತದಾನದ ವಯಸ್ಸು 18.

ನಾರ್ಡ್‌ರೈನ್-ವೆಸ್ಟ್‌ಫಾಲೆನ್: ರಾಜಧಾನಿ ಡ್ಯುಸ್ಸೆಲ್‌ಡಾರ್ಫ್, ಕೋಲ್ನ್ ಅಲ್ಲ. ಬಾವುಟ ಹಸಿರು, ಬಿಳಿ, ಕೆಂಪು. ಲಾಂಛನದಲ್ಲಿ ರೈನ್ ನದಿ, ಒಂದು ಕುದುರೆ, ಒಂದು ಗುಲಾಬಿ. ಸ್ಥಳೀಯ ಮತದಾನದ ವಯಸ್ಸು 16. ಭೂಪಟದಲ್ಲಿ ಪಶ್ಚಿಮದಂಚು.

ಸಾಕ್ಸೆನ್: ರಾಜಧಾನಿ ಡ್ರೆಸ್ಡೆನ್, ಲೈಪ್‌ಜಿಗ್ ಅಲ್ಲ. ಬಾವುಟ ಬಿಳಿ ಮತ್ತು ಹಸಿರು.

ನೀಡರ್‌ಸಾಕ್ಸೆನ್: ರಾಜಧಾನಿ ಹಾನೋವರ್. ಲಾಂಛನದಲ್ಲಿ ಕೆಂಪು ಹಿನ್ನೆಲೆಯ ಮೇಲೆ ಬಿಳಿ ಕುದುರೆ.

ಇನ್ನು ನಗರ ರಾಜ್ಯಗಳು. ಇಲ್ಲಿ ಪದಗಳೇ ಬೇರೆ. ಬರ್ಲಿನ್‌ನ ಶಾಸನಸಭೆಗೆ ಅಬ್‌ಗೆಓರ್ಡ್ನೆಟನ್‌ಹೌಸ್ ಎನ್ನುತ್ತಾರೆ, ಸರಕಾರದ ಮುಖ್ಯಸ್ಥರು ರೆಗೀರೆಂಡರ್ ಬ್ಯುರ್ಗರ್‌ಮೈಸ್ಟರ್. ಲಾಂಛನ ಕರಡಿ. ಹ್ಯಾಂಬರ್ಗ್‌ನ ಶಾಸನಸಭೆ ಬ್ಯುರ್ಗರ್‌ಶಾಫ್ಟ್, ಮುಖ್ಯಸ್ಥರು ಎರ್ಸ್ಟರ್ ಬ್ಯುರ್ಗರ್‌ಮೈಸ್ಟರ್, ಲಾಂಛನ ಕೋಟೆ. ಬ್ರೆಮೆನ್‌ನ ಲಾಂಛನ ಬೀಗದ ಕೈ. ಶಾಸನಸಭೆಗೆ ಐದರ ಬದಲು ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ಇರುವುದು ಇಡೀ ದೇಶದಲ್ಲಿ ಬ್ರೆಮೆನ್‌ನಲ್ಲಿ ಮಾತ್ರ. ನಗರ ರಾಜ್ಯಗಳಲ್ಲಿ ಸಚಿವರನ್ನು ಸೆನೆಟರ್ ಎನ್ನುತ್ತಾರೆ. ಜಿಲ್ಲೆಯ ಬದಲು ನಗರದ ವಿಭಾಗ ಕೇಳುತ್ತಾರೆ. ಬರ್ಲಿನ್‌ನಲ್ಲಿ ಇಂಥ ವಿಭಾಗಗಳು 12, ಹ್ಯಾಂಬರ್ಗ್‌ನಲ್ಲಿ 7.

ಹಳೆಯ ಹಾಳೆ ನಂಬಬೇಡಿ

ಮೊದಲು ಪರೀಕ್ಷೆ ಬರೆದ ಗೆಳೆಯರು ಕೊಟ್ಟ ಜೆರಾಕ್ಸ್ ಪ್ರತಿ, ಯಾರೋ ಫಾರ್ವರ್ಡ್ ಮಾಡಿದ ಉತ್ತರ ಪಟ್ಟಿ, ಇವುಗಳಿಂದ ಓದುವವರು ಹಲವರು. ಆದರೆ ಕಾನೂನು ಬದಲಾದಂತೆ ಉತ್ತರವೂ ಬದಲಾಗುತ್ತದೆ. ಪರೀಕ್ಷೆ ಆರಂಭವಾದಾಗ ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ ಸ್ಥಳೀಯ ಮತದಾನದ ವಯಸ್ಸು 18 ಇತ್ತು. 2014ರ ಸ್ಥಳೀಯ ಚುನಾವಣೆಯಿಂದ 16 ಆಯಿತು. ಹ್ಯಾಂಬರ್ಗ್‌ನ ಶಾಸನಸಭೆಯ ಅವಧಿ ನಾಲ್ಕು ವರ್ಷವಿದ್ದದ್ದು 2015ರಲ್ಲಿ ಆರಿಸಿ ಬಂದ ಸಭೆಯಿಂದ ಐದಾಯಿತು. ಹಳೆಯ ಪಟ್ಟಿ ಓದಿದವರು ಎಷ್ಟು ಚೆನ್ನಾಗಿ ಓದಿದ್ದರೂ ಅಲ್ಲಿ ತಪ್ಪುತ್ತಾರೆ. ಬಾಮ್ಫ್ ಕಚೇರಿಯ ಜಾಲತಾಣದಲ್ಲಿ ಅಭ್ಯಾಸಕ್ಕೆಂದು ಪೂರ್ಣ ಪ್ರಶ್ನೆಗಳು ಉಚಿತವಾಗಿವೆ. ರಾಜ್ಯವನ್ನು ಆರಿಸಿಕೊಂಡರೆ ಆ ರಾಜ್ಯದ ಹತ್ತೂ ಬರುತ್ತವೆ. ಅದನ್ನೇ ಮೂಲ ಪ್ರತಿ ಎಂದು ಹಿಡಿಯಿರಿ. ಉಳಿದವುಗಳನ್ನು ಅದರೊಂದಿಗೆ ತಾಳೆ ನೋಡಿ.

ಉತ್ತರ ಎರಡನೆಯದು, ಮೂರನೆಯದು ಎಂದು ಸ್ಥಾನ ನೆನಪಿಟ್ಟುಕೊಳ್ಳುವ ಅಭ್ಯಾಸವನ್ನೂ ಬಿಡಿ. ಪದವನ್ನೇ ಕಲಿಯಿರಿ. ವಾಪ್ಪನ್ ಎಂದರೆ ಲಾಂಛನ, ಲಾಂಡ್‌ಕ್ರೈಸ್ ಎಂದರೆ ಜಿಲ್ಲೆ, ಲಾಂಡೆಸ್‌ಹೌಪ್ಟ್‌ಶ್ಟಾಟ್ ಎಂದರೆ ರಾಜ್ಯದ ರಾಜಧಾನಿ, ಕೊಮ್ಯುನಾಲ್‌ವಾಲ್ ಎಂದರೆ ಸ್ಥಳೀಯ ಚುನಾವಣೆ. ರಾಜ್ಯದ ಹತ್ತು ಪ್ರಶ್ನೆಗಳ ಮುಖ್ಯ ಪದಗಳನ್ನೆಲ್ಲ ಒಂದು ಪೋಸ್ಟ್ ಕಾರ್ಡಿನ ಬೆನ್ನಿಗೆ ಬರೆದುಕೊಳ್ಳಬಹುದು.

ಊರು ನೋಡಿ ಕಲಿಯುವುದು

ಆ ಭಾನುವಾರದ ನಂತರ ನಾವು ಒಂದು ಕ್ರಮ ಮಾಡಿಕೊಂಡೆವು. ಅವಳು ಹತ್ತು ಪ್ರಶ್ನೆಗಳನ್ನು ಮನೆಯೊಳಗೆ ಕೂತು ಓದುವ ಬದಲು ಊರಲ್ಲಿ ಹುಡುಕಬೇಕು, ಸಿಕ್ಕಿದ್ದನ್ನು ಫೋಟೊ ತೆಗೆದು ನನಗೆ ಕಳಿಸಬೇಕು. ಮೂರು ಸಿಂಹಗಳು ಪೊಲೀಸ್ ವಾಹನದ ಮೇಲೆ ಸಿಕ್ಕವು. ಕಪ್ಪು ಚಿನ್ನದ ಬಾವುಟ ಒಂದು ಸರಕಾರಿ ಕಟ್ಟಡದ ಮೇಲೆ ಸಿಕ್ಕಿತು. ಜಿಲ್ಲೆಯ ಹೆಸರಿಗೆ ರಸ್ತೆಯಲ್ಲಿ ನಿಂತ ಕಾರುಗಳ ನಂಬರ್ ಪ್ಲೇಟ್ ನೋಡಲು ಹೇಳಿದೆ, ಏಕೆಂದರೆ ಅಲ್ಲಿ ನಂಬರಿನ ಮೊದಲ ಅಕ್ಷರಗಳು ಜಿಲ್ಲೆ ಅಥವಾ ನಗರವನ್ನು ಸೂಚಿಸುತ್ತವೆ. ಆ ರಾಜ್ಯದಲ್ಲಿ 35 ಲಾಂಡ್‌ಕ್ರೈಸ್‌ಗಳಿವೆ, ಆಲ್ಬ್-ಡೋನೌ-ಕ್ರೈಸ್ ಅವುಗಳಲ್ಲೊಂದು.

ನಾನು ಇಲ್ಲಿಂದ ಒಂದು ಕೊಡುಗೆ ಕೊಟ್ಟೆ. ಕನ್ನಡಕ್ಕೆ 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಅವರು 1903ರಲ್ಲಿ ತೀರಿಕೊಂಡ ಟ್ಯುಬಿಂಗನ್, ಮಲಯಾಳಕ್ಕೆ ನಿಘಂಟು ಕೊಟ್ಟ ಗುಂಡರ್ಟ್ ಅವರು ಹುಟ್ಟಿದ ಸ್ಟುಟ್‌ಗಾರ್ಟ್, ಕಡೆಗಾಲ ಕಳೆದ ಕಾಲ್ವ್, ಮಂಗಳೂರು ಸಮಾಚಾರ ಹೊರಡಿಸಿದ ಮ್ಯೋಗ್ಲಿಂಗ್ ಅವರ ಹುಟ್ಟೂರು ಬ್ರಾಕನ್‌ಹೈಮ್, ಇಷ್ಟೂ ಇರುವುದು ಇದೇ ರಾಜ್ಯದಲ್ಲಿ. ಟ್ಯುಬಿಂಗನ್ ಮತ್ತು ಕಾಲ್ವ್ ಎಂಬ ಹೆಸರಿನ ಲಾಂಡ್‌ಕ್ರೈಸ್‌ಗಳೂ ಇವೆ. "ಅಂದ್ರೆ ನಮ್ಮ ಎರಡೂ ಭಾಷೆಯ ಡಿಕ್ಷನರಿ ಬರೆದವರ ಊರಿನಲ್ಲೇ ನಾನಿದ್ದೇನೆ" ಎಂದಳು. ಆಮೇಲೆ ಆ ರಾಜ್ಯದ ಹೆಸರು ಅವಳಿಗೆ ಮರೆಯಲಿಲ್ಲ.

ರಾಜ್ಯದ ಪ್ರಶ್ನೆ ಏಕಾದರೂ ಬೇಕು?

ದೇಶದ ಪೌರತ್ವಕ್ಕೆ ರಾಜ್ಯದ ಲಾಂಛನ ಏಕೆ ಗೊತ್ತಿರಬೇಕು ಎಂದು ಅವಳು ಒಮ್ಮೆ ಬೇಸರದಿಂದ ಕೇಳಿದ್ದುಂಟು. ಜರ್ಮನಿ ರಾಜ್ಯಗಳು ಸೇರಿ ಆದ ದೇಶ. 1949ರ ಮೇ 23ರಂದು ಹೊರಬಂದ ಅವರ ಸಂವಿಧಾನದಲ್ಲಿ ಕೆಲವು ಅಂಶಗಳನ್ನು ತಿದ್ದುಪಡಿಯಿಂದಲೂ ತೆಗೆಯುವಂತಿಲ್ಲ. ದೇಶ ರಾಜ್ಯಗಳಾಗಿ ವಿಂಗಡವಾಗಿರಬೇಕು ಎಂಬುದು ಅವುಗಳಲ್ಲೊಂದು. ಅಧಿಕಾರವೆಲ್ಲ ಒಂದೇ ಕೈಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ಹಿಟ್ಲರನ ಕಾಲದಲ್ಲಿ ಅವರು ಕಂಡಿದ್ದರು. ಶಾಲೆ, ಪೊಲೀಸ್ ಮುಂತಾದ ದಿನನಿತ್ಯದ ವ್ಯವಹಾರ ಹೆಚ್ಚಿನಂಶ ರಾಜ್ಯದ ಕೈಯಲ್ಲಿದೆ. ಪೌರತ್ವದ ಅರ್ಜಿಯನ್ನು ತೆಗೆದುಕೊಳ್ಳುವುದೂ ತೀರ್ಮಾನಿಸುವುದೂ ಬರ್ಲಿನ್‌ನ ಕೇಂದ್ರ ಕಚೇರಿಯಲ್ಲ, ವಾಸವಿರುವ ಊರಿನ ಅಥವಾ ಜಿಲ್ಲೆಯ ಕಚೇರಿ.

ಬಾಡೆನ್-ವ್ಯುರ್ಟೆಂಬೆರ್ಗ್ ಎಂಬ ರಾಜ್ಯವೇ ಒಂದು ಪುನರ್ವಿಂಗಡಣೆಯ ಫಲ. ಮೂರು ಸಣ್ಣ ರಾಜ್ಯಗಳನ್ನು ಸೇರಿಸಬೇಕೇ ಎಂದು 1951ರಲ್ಲಿ ಜನಮತ ಕೇಳಿದರು, 1952ರ ಏಪ್ರಿಲ್ 25ರಂದು ಹೊಸ ರಾಜ್ಯವಾಯಿತು. ಬಾಡೆನ್ ಭಾಗದಲ್ಲಿ ಅನೇಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ವಾದ ವರ್ಷಗಟ್ಟಲೆ ನಡೆಯಿತು. ಕೊನೆಗೆ 1970ರಲ್ಲಿ ಬಾಡೆನ್‌ನವರಿಗೆ ಮಾತ್ರ ಮತ್ತೊಮ್ಮೆ ಮತ ಹಾಕುವ ಅವಕಾಶ ಸಿಕ್ಕಿತು, ಆಗ ಶೇಕಡಾ 80ಕ್ಕಿಂತ ಹೆಚ್ಚು ಮಂದಿ ಒಂದಾಗಿಯೇ ಇರೋಣ ಎಂದರು. 1956ರ ನವೆಂಬರ್ 1ನ್ನು ಮನೆಯ ಹಿರಿಯರಿಂದ ಕೇಳಿ ಬೆಳೆದ ನಮಗೆ ಈ ಸಂಗತಿ ಓದುವಾಗ ಮನಸ್ಸು ಸ್ವಲ್ಪ ಹೊತ್ತು ನಿಲ್ಲುತ್ತದೆ. ರಾಜ್ಯ ಎಂಬುದು ಅಲ್ಲಿಯವರಿಗೂ ಬರೀ ಭೂಪಟದ ಗೆರೆಯಲ್ಲ.

ನಾನು ನೌಕರಿಗೆ ಸೇರಿದಾಗ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು, ಕಚೇರಿಯ ಕಡತ ಮಲಯಾಳದಲ್ಲಿ. ರಾತ್ರಿ ಚಿಮಿಣಿ ದೀಪದಲ್ಲಿ ಮಲಯಾಳದ ಕೂಡಕ್ಷರ ತಿದ್ದಿ ಕಲಿತೆ. ಅದರಿಂದ ನನ್ನ ಕನ್ನಡ ಕಡಿಮೆಯಾಗಲಿಲ್ಲ. ತಾಲೂಕು ಕಚೇರಿಗೆ ಬಂದ ಕನ್ನಡದ ಅಜ್ಜನ ಅರ್ಜಿಯನ್ನು ಮೇಲಧಿಕಾರಿಗೆ ಓದಿ ಹೇಳುವ ಶಕ್ತಿ ಬಂತು. ಆ ಹುಡುಗಿಗೂ ಇದನ್ನೇ ಹೇಳಿದೆ.

ಮನೆಯವರು ತಿಳಿದಿರಬೇಕಾದದ್ದು

ಈ ಪರೀಕ್ಷೆ ಪಾಸಾದರೆ ಪೌರತ್ವ ಸಿಕ್ಕಿತೆಂದಲ್ಲ. ಇದು ಅರ್ಜಿಯ ಜತೆ ಇಡಬೇಕಾದ ಒಂದು ಪ್ರಮಾಣಪತ್ರ. ಸಾಮಾನ್ಯವಾಗಿ ಐದು ವರ್ಷದ ಕಾನೂನುಬದ್ಧ ವಾಸ, ಬಿ1 ಮಟ್ಟದ ಜರ್ಮನ್, ತನ್ನ ಖರ್ಚು ತಾನೇ ನೋಡಿಕೊಳ್ಳುವ ಆದಾಯ, ಗಂಭೀರ ಅಪರಾಧದ ದಾಖಲೆ ಇಲ್ಲದಿರುವುದು, ಇವೆಲ್ಲ ಬೇಕು. ವಯಸ್ಕರ ಅರ್ಜಿ ಶುಲ್ಕ 255 ಯೂರೊ. ಜರ್ಮನಿಯ ಶಾಲೆಯಲ್ಲಿ ಓದಿ ಅಂತಿಮ ಪ್ರಮಾಣಪತ್ರ ಪಡೆದವರಿಗೆ ಮತ್ತು 16 ವರ್ಷದೊಳಗಿನ ಮಕ್ಕಳಿಗೆ ಈ ಪರೀಕ್ಷೆ ಬೇಡ. ಹೊಸಬರ ಭಾಷಾ ತರಗತಿಯ ಕೊನೆಯಲ್ಲಿ "ಜರ್ಮನಿಯಲ್ಲಿ ಜೀವನ" ಎಂಬ ಪರೀಕ್ಷೆ ಬರೆದು 17 ಅಥವಾ ಹೆಚ್ಚು ಅಂಕ ಪಡೆದವರು ಇದನ್ನು ಮತ್ತೆ ಬರೆಯಬೇಕಾಗಿಲ್ಲ, ಪ್ರಶ್ನೆ ಭಂಡಾರ ಎರಡಕ್ಕೂ ಒಂದೇ.

ದೊಡ್ಡ ವಿಷಯ ಇನ್ನೊಂದಿದೆ. 2024ರ ಜೂನ್ 27ರಿಂದ ಜರ್ಮನಿ ಎರಡು ದೇಶಗಳ ಪೌರತ್ವವನ್ನು ಒಪ್ಪುತ್ತದೆ. ಆದರೆ ನಮ್ಮ ದೇಶ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ ಪ್ರಕಾರ ಸ್ವ ಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಅಲ್ಲಿಗೆ ಮುಗಿಯುತ್ತದೆ. ಪಾಸ್‌ಪೋರ್ಟ್ ಹಿಂದಿರುಗಿಸಬೇಕು. ಬಳಿಕ ಓಸಿಐ ಕಾರ್ಡ್‌ಗೆ ಅರ್ಜಿ ಹಾಕಬಹುದು. ಅದಿದ್ದರೆ ವೀಸಾ ಇಲ್ಲದೆ ಜೀವನಪರ್ಯಂತ ಬಂದು ಹೋಗಬಹುದು, ಆದರೆ ಇಲ್ಲಿ ಮತ ಹಾಕುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಅಪ್ಪ ಅಮ್ಮನಿಂದ ಉತ್ತರಾಧಿಕಾರವಾಗಿ ಬರುವುದಕ್ಕೆ ಅಡ್ಡಿಯಿಲ್ಲ. ಅಡಿಕೆ ತೋಟವಿರುವ ಮನೆಗಳಲ್ಲಿ ಇದನ್ನು ಪರೀಕ್ಷೆಗೆ ಮೊದಲೇ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು.

ನಮ್ಮ ಮನೆಯಲ್ಲೂ ಮಾತಾಯಿತು. ಎಂಬತ್ತಾರು ವರ್ಷದ ನನ್ನ ಅಮ್ಮ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನನ್ನ ಪುಳ್ಳಿ ಊರಿಗೆ ಬರ್ಲಿಕ್ಕೆ ಇನ್ನು ಕಾರ್ಡು ತೋರಿಸ್ಬೇಕಾ?" ಎಂದು ಕೇಳಿದರು. ಹೌದು ಎಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ. ಹುಡುಗಿ ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದಳು: "ಅಜ್ಜೀ, ಏಳು ವರ್ಷದಿಂದ ಇಲ್ಲಿ ತೆರಿಗೆ ಕಟ್ಟಿದೆ, ಇಲ್ಲಿಯವರ ಮುದುಕರನ್ನು ಎತ್ತಿ ಕೂರಿಸಿದೆ. ಬಸ್ಸು ಯಾವ ದಾರಿಯಲ್ಲಿ ಹೋಗ್ಬೇಕು ಅಂತ ಕೇಳುವ ಚುನಾವಣೆಯಲ್ಲೂ ನನಗೆ ಮತ ಇಲ್ಲ." ಅದು ನಿಜ. ಯುರೋಪಿಯನ್ ಒಕ್ಕೂಟದ ದೇಶಗಳವರು ಜರ್ಮನಿಯ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು, ಭಾರತೀಯ ಪಾಸ್‌ಪೋರ್ಟ್ ಇರುವವರು ಹಾಕುವಂತಿಲ್ಲ. ಎಷ್ಟು ವಯಸ್ಸಿಗೆ ಮತದಾನ ಎಂಬ ಪ್ರಶ್ನೆ ಅವಳಿಗೆ ಬರೀ ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ ಎಂದು ನನಗೆ ತಿಳಿದದ್ದು ಆಗಲೇ. ಅಮ್ಮ ಮತ್ತೆ ಏನೂ ಕೇಳಲಿಲ್ಲ. "ಪರೀಕ್ಷೆ ಯಾವತ್ತು? ನಾನೂ ಒಂದು ಹೂ ಇಡ್ತೇನೆ" ಎಂದರು.

ಅವಳಿಗೆ 33ರಲ್ಲಿ 27 ಬಂತು. ರಾಜ್ಯದ ಮೂರು ಪ್ರಶ್ನೆಗಳಲ್ಲಿ ಒಂದು ಮತದಾನದ ವಯಸ್ಸೇ ಆಗಿತ್ತಂತೆ. ಅರ್ಜಿ ಈಗ ಜಿಲ್ಲಾ ಕಚೇರಿಯಲ್ಲಿದೆ, ಉತ್ತರಕ್ಕೆ ಕಾಯುತ್ತಿದ್ದೇವೆ.

ಕೊನೆಯದಾಗಿ ತಯಾರಾಗುವವರಿಗೆ ನನ್ನ ಚಿಕ್ಕ ಪಟ್ಟಿ. ಹೆಸರು ನೋಂದಾಯಿಸುವ ಮೊದಲು ವಿಳಾಸದ ಪತ್ರ ನೋಡಿ, ರಾಜ್ಯ ಖಚಿತ ಮಾಡಿಕೊಳ್ಳಿ. ಆ್ಯಪ್‌ನಲ್ಲೂ ಅದೇ ರಾಜ್ಯ ಇದೆಯೇ ನೋಡಿ. ಹತ್ತರಲ್ಲಿ ನಾಲ್ಕನ್ನು ಅರ್ಥ ಮಾಡಿಕೊಂಡು, ಆರನ್ನು ಊರಲ್ಲಿ ನೋಡಿ ಕಲಿಯಿರಿ. ಮೂರು ದಿನ ಬಿಟ್ಟು ಮನೆಯವರಿಂದ ಪ್ರಶ್ನೆ ಕೇಳಿಸಿಕೊಳ್ಳಿ. ಪರೀಕ್ಷೆಯ ದಿನ ಪಾಸ್‌ಪೋರ್ಟ್ ಮರೆಯಬೇಡಿ. ಪ್ರಶ್ನೆಯಲ್ಲಿ ನಿಮ್ಮ ರಾಜ್ಯದ ಹೆಸರೇ ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಕೂಡಲೇ ಮೇಲ್ವಿಚಾರಕರಿಗೆ ತಿಳಿಸಿ.

ಮಕ್ಕಳು ಅಲ್ಲಿದ್ದು ಇಲ್ಲಿಂದ ಪ್ರಶ್ನೆ ಕೇಳಲು ಯಾರೂ ಇಲ್ಲದ ಮನೆಗಳಿದ್ದರೆ ಸಂಘಕ್ಕೆ ತಿಳಿಸಿ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನನಗೆ ಬಿಡುವಿದೆ. ಜರ್ಮನ್ ಉಚ್ಚಾರಣೆ ತಪ್ಪಾದರೆ ಮಕ್ಕಳು ನಗುತ್ತಾರೆ, ಅದಕ್ಕೆ ನಾನು ಬೇಸರಪಡುವುದಿಲ್ಲ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ